ಮೌನದ ಗಂಟೆಯಲ್ಲಿ ಡೇಲ್‌ನ ಫೋನು

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭಾಮನೆಯ ಬಾಗಿಲು ಮುಚ್ಚಿತೆಂದರೆ ಮುಂದಿನ ಒಂದು ಗಂಟೆ ಅಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಪಾದ್ರಿ ಇಲ್ಲ, ಹಾಡಿಲ್ಲ, ಒಂದು ಮೇಣದ ಬತ್ತಿಯೂ ಇಲ್ಲ. ಕ್ವೇಕರುಗಳೆಂಬ ಈ ಕ್ರೈಸ್ತ ಪಂಥದವರ ಆರಾಧನೆಯೆಂದರೆ ಇಷ್ಟೇ: ಬೆಂಚುಗಳನ್ನು ಎದುರುಬದುರು ಹಾಕಿಕೊಂಡು ಇಪ್ಪತ್ತು ಇಪ್ಪತ್ತೈದು ಜನ ಕೈ ಮಡಿಲಲ್ಲಿಟ್ಟು ಕೂರುವುದು. ಯಾರಿಗಾದರೂ ಒಳಗಿನಿಂದ ಏನಾದರೂ ಬಂದರೆ ಎದ್ದು ಎರಡು ಮಾತು ಆಡುತ್ತಾರೆ. ಬರದಿದ್ದರೆ ಅದೂ ಇಲ್ಲ.

ಡೇಲ್ ಸಟ್‌ಕ್ಲಿಫ್ ಕ್ವೇಕರನಲ್ಲ. ದೇವರ ವಿಷಯ ಅವನಿಗೆ ಅಷ್ಟಕ್ಕಷ್ಟೆ. ಇಪ್ಪತ್ತೊಂದು ವರ್ಷ, ಹುಟ್ಟುಕಿವುಡ, ಹದಿನಾರಕ್ಕೇ ಶಾಲೆಗೆ ಬೆನ್ನು ತಿರುಗಿಸಿದವನು. ನವೆಂಬರಿನಲ್ಲಿ ಆ ಮನೆಯ ಉಸ್ತುವಾರಿ ನೋಡುವ ಸಿರಿಲ್ ಮುದುಕನ ಕೈಕೆಳಗೆ ಕೆಲಸಕ್ಕೆ ಸೇರಿದ್ದ. ಬಾಯ್ಲರ್ ಹೊತ್ತಿಸುವುದು, ಸೂರಿನ ದೋಣಿಯಲ್ಲಿ ತುಂಬಿದ ಎಲೆ ಬಾಚುವುದು, ಕಪ್ಪು ತೊಳೆಯುವುದು. ಭಾನುವಾರದ ಆ ಗಂಟೆ ಒಳಗೆ ಕೂರಲೇಬೇಕೆಂದು ಯಾರೂ ಹೇಳಿರಲಿಲ್ಲ. ಮೊದಲ ವಾರ ಹೊರಗೆ ಚಳಿ ಇದ್ದುದಕ್ಕೆ ಒಳಗೆ ಹೋಗಿ ಮೂರನೇ ಬೆಂಚಿನ ತುದಿಯಲ್ಲಿ ಕೂತ. ಆಮೇಲೆ ಒಂದು ವಾರವೂ ಬಿಡಲಿಲ್ಲ.

ಕಾರಣ ಇತ್ತು. ಶಾಲೆಯಲ್ಲಿ ಎಲ್ಲರೂ ನಕ್ಕ ಮೇಲೆ ಅರ್ಧ ಕ್ಷಣ ತಡವಾಗಿ ನಕ್ಕವನು ಅವನು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಅತ್ತೆಯ ಮದುವೆಯಲ್ಲಿ, ಎಲ್ಲ ಕಡೆಯೂ ಅದೇ ಅರ್ಧ ಕ್ಷಣ ಹಿಂದೆ. ಈ ಕೋಣೆಯಲ್ಲಿ ಮಾತ್ರ ಯಾರೂ ಅವನಿಗಿಂತ ಮುಂದಿರಲಿಲ್ಲ. ಎಲ್ಲರಿಗೂ ಸಿಗುತ್ತಿದ್ದದ್ದು ಒಂದೇ ಮೌನ, ಅವನಿಗೆಷ್ಟೋ ಅವರಿಗೂ ಅಷ್ಟೇ.

ಹಾಗಂತ ಒಂದು ಗಂಟೆ ಕಣ್ಣುಮುಚ್ಚಿ ಕೂರುವ ಆಸಾಮಿಯೂ ಅಲ್ಲ. ಕೋಟನ್ನು ತೊಡೆಯ ಮೇಲೆ ಹಾಸಿ, ಅದರಡಿಯಲ್ಲಿ ಫೋನು ಹಿಡಿದು, ಕಾರ್ಲೈಲ್ ಊರಿನಲ್ಲಿದ್ದ ಬೆಥನಿಗೆ ಮೆಸೇಜು ಮಾಡುತ್ತಿದ್ದ. ಬೆಥನಿ ಅವನ ಹುಡುಗಿ, ಅವಳೂ ಕಿವುಡಿ.

ಆ ಫೋನು ಮೆಸೇಜಿಗೆಂದೇ ಹುಟ್ಟಿದ್ದು. ಸೋಪಿನ ಪೆಟ್ಟಿಗೆಯಷ್ಟು ಅಗಲ, ಒಂದೊಂದು ಅಕ್ಷರಕ್ಕೂ ಒಂದೊಂದು ಬಟನ್, ಬಟನ್ನುಗಳಿಗೆ ಸಣ್ಣ ಉಬ್ಬು. ನೋಡದೆಯೇ ಎರಡು ಹೆಬ್ಬೆರಳಲ್ಲಿ ಒಂದು ಪುಟ ಬರೆಯಬಹುದಿತ್ತು. ಕಿವುಡರ ಕ್ಲಬ್ಬಿನ ಗೆಳೆಯನೊಬ್ಬ ತನ್ನ ಹಳೆಯದನ್ನು ಪೂರ್ತಿ ಅಳಿಸಿ, ಡಬ್ಬಿಯಿಂದ ಈಗ ತೆಗೆದ ಹಾಗೆ ಮಾಡಿ ಕೊಟ್ಟಿದ್ದ. ಅದು ಬರುವ ಮುಂಚೆ ಡೇಲ್‌ನ ಬಾಯಿ ಎಂದರೆ ಅವನ ಅಮ್ಮ. ಹಲ್ಲಿನ ಡಾಕ್ಟರಿಗೆ ಅಮ್ಮನೇ ಫೋನು ಮಾಡಬೇಕು, ಕೆಲಸ ಕೇಳಲೂ ಅಮ್ಮನೇ. ಹದಿನೇಳರಲ್ಲಿ ಒಬ್ಬ ಹುಡುಗಿಯನ್ನು ಬಿಟ್ಟದ್ದೂ ಅಮ್ಮನ ಬಾಯಿಯಿಂದಲೇ. ಆ ಹುಡುಗಿಯ ಅಮ್ಮನೂ ಇವನ ಅಮ್ಮನೂ ಅರ್ಧ ಗಂಟೆ ಮಾತಾಡಿ, ಕೊನೆಗೆ ಕೇಕಿನ ವಿಷಯಕ್ಕೆ ಬಂದು ಮುಗಿಸಿದ್ದರು. ಅಂಥ ಗತಿಯಿಂದ ಬಿಡಿಸಿದ್ದು ಈ ಸೋಪಿನ ಪೆಟ್ಟಿಗೆ.

ದೋಷಗಳೂ ಇದ್ದವು, ಇಲ್ಲ ಎನ್ನುವುದಿಲ್ಲ. ಪರದೆ ಅಂಚೆಚೀಟಿಯಷ್ಟು. ಫೋಟೋ ತೆಗೆದರೆ ಪಾತ್ರೆ ತೊಳೆದ ನೀರು. ಅಗಲಕ್ಕೆ ಜೇಬಿನ ಒಳಹೊಲಿಗೆ ಬಿಚ್ಚಿಹೋಗುತ್ತಿತ್ತು. ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತಿತ್ತು. ಮೆಸೇಜು ಬಂದದ್ದು ಗೊತ್ತಾಗಲೆಂದು ಅವನು ಅದನ್ನು ಅದುರುವಂತೆ ಮಾಡಿಕೊಂಡಿದ್ದ. ಇಷ್ಟು ಬಿಟ್ಟರೆ ಬೇರೆ ಕೊರತೆ ಇಲ್ಲವೆಂದೇ ಎಂಟು ತಿಂಗಳು ನಂಬಿದ್ದ.

ಜೂನಿನಲ್ಲಿ ಸಿರಿಲ್‌ನ ಮಂಡಿ ಪೂರ್ತಿ ಕೈಕೊಟ್ಟಿತು. ಅವನು ಕೆಲಸ ಬಿಟ್ಟರೆ ಉಸ್ತುವಾರಿಯ ಜಾಗ ಖಾಲಿ, ಆ ಕೆಲಸದ ಜೊತೆಗೆ ಸಭಾಮನೆಯ ಮೇಲಿನ ಎರಡು ಕೋಣೆಯೂ ಖಾಲಿ. ಬೆಥನಿ ಕಡ್ಡಿ ಮುರಿದಂತೆ ಹೇಳಿದ್ದಳು: "ನಿಮ್ಮಮ್ಮನ ಮನೇಲಿ ಇಸ್ತ್ರಿ ಮೇಜಿನ ಪಕ್ಕ ನಾನು ಸಂಸಾರ ಮಾಡಲ್ಲ. ಎರಡು ಕೋಣೆ ಸಿಕ್ರೆ ಬರ್ತೀನಿ. ಸಿಗ್ಲಿಲ್ಲ ಅಂದ್ರೆ ಇನ್ನು ಹೀಗೆ ಬಸ್ಸಲ್ಲಿ ಓಡಾಡಿ ನಂಗೆ ಸಾಕಾಗಿದೆ." ಯಾರಿಗೆ ಕೊಡುವುದೆಂದು ಜೂನಿನ ಕೊನೆಯ ಭಾನುವಾರ, ಆರಾಧನೆ ಮುಗಿದ ಮೇಲಿನ ಸಭೆಯಲ್ಲಿ ತೀರ್ಮಾನ. ಅದಕ್ಕೆಂದೇ ಅವಳು ಹಿಂದಿನ ದಿನ ಬಸ್ಸು ಹತ್ತಿ ಬಂದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಸಿರಿಲ್ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೂವತ್ತು ವರ್ಷ ಮಗ್ಗದ ಗದ್ದಲದಲ್ಲಿ ಕಿವಿ ಕಳೆದುಕೊಂಡವನು ಅವನು. ಗಿರಣಿಯವರಂತೆ ಬಾಯನ್ನು ಇಷ್ಟಗಲ ಮಾಡಿ ಮಾತಾಡುತ್ತಿದ್ದುದರಿಂದ ಅವನ ತುಟಿ ಓದುವುದು ಡೇಲ್‌ಗೆ ನೀರು ಕುಡಿದಷ್ಟು ಸುಲಭ.

"ಇವಳೇನೋ ಆ ಕಾರ್ಲೈಲ್ ಹುಡುಗಿ? ನಿನ್ನಂಥವನಿಗೆ ಹೆಂಗೋ ಬಿದ್ಲು?"

"ಕಣ್ಣು ಸರಿಯಿಲ್ಲ ಪಾಪ," ಎಂದು ಡೇಲ್ ಸನ್ನೆ ಮಾಡಿದ.

"ಮೇಲ್ಗಡೆ ಹಾಸಿಗೆ ಬಿಟ್ಟುಹೋಗ್ತೀನಿ, ನೋಡಮ್ಮ. ಒಂದು ಕಡೆ ತಗ್ಗಿದೆ. ತಗ್ಗಲ್ಲಿ ಇವನನ್ನ ಮಲಗಿಸು."

ಬೆಥನಿ ನಕ್ಕಳು. ಅವಳ ಎಡಗಿವಿಯಲ್ಲಿ ಹೊಸ ಯಂತ್ರವಿತ್ತು. ಅದರಿಂದ ಮಾತು ತಿಳಿಯುತ್ತಿರಲಿಲ್ಲ, ಸದ್ದು ಸಿಗುತ್ತಿತ್ತು. ಜನರ ನಡುವೆ ಬರೀ ಗಜಿಬಿಜಿ ಎಂದು ಬಹಳ ಹೊತ್ತು ಆಫ್ ಮಾಡಿಯೇ ಇಡುತ್ತಿದ್ದಳು.

ಆರಾಧನೆಯಲ್ಲಿ ಇಬ್ಬರೂ ಮೂರನೇ ಬೆಂಚಿನಲ್ಲಿ ಕೂತರು. ಐದು ನಿಮಿಷಕ್ಕೆ ಬೆಥನಿ ಏನೋ ಹೇಳಲೆಂದು ಕೈ ಎತ್ತಿದಳು. ಡೇಲ್ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಕೋಟಿನಡಿ ಫೋನು ಒತ್ತಿದ.

"ಕೈ ಆಡಿಸ್ಬೇಡ. ಡಿಸ್ಟರ್ಬ್ ಆಗತ್ತೆ ಅವರಿಗೆ. ಮೆಸೇಜ್ ಮಾಡು."

"ಸರಿ ಸರಿ. ಎದುರಿಗಿರೋ ನೀಲಿ ಸ್ವೆಟರ್ ನಿದ್ದೆ ಹೊಡೀತಿದಾನಲ್ಲ?"

"ಅದು ನಿದ್ದೆ ಅಲ್ಲ, ಧ್ಯಾನ. ಬಾಯಿಂದ ಜೊಲ್ಲು ಬಂದ್ರೆ ನಿದ್ದೆ."

"ಬರ್ತಿದೆ ಕಣೋ."

ಒಂದು ಗಂಟೆ ಹೀಗೇ ಹೋಯಿತು. ಚಹಾ ಆಯಿತು. ಮತ್ತೆ ಎಲ್ಲರೂ ಅದೇ ಬೆಂಚುಗಳಲ್ಲಿ ಕೂತರು. ಈಗ ನಡುವೆ ಮೇಜು, ಮೇಜಿನ ಹಿಂದೆ ಕಾರ್ಯದರ್ಶಿ ವಿನಿಫ್ರೆಡ್, ಎಪ್ಪತ್ತೆಂಟರ ಮುದುಕಿ, ಅವಳ ಮುಂದೆ ನಡಾವಳಿ ಪುಸ್ತಕ. ಈ ಜನ ಮತ ಹಾಕುವುದಿಲ್ಲ, ಜಗಳವಾಡುವುದಿಲ್ಲ. ವಿಷಯ ಓದಿ ಹೇಳಿ, ಎಲ್ಲರ ಮನಸ್ಸೂ ಒಂದಾಗುವ ತನಕ ಸುಮ್ಮನೆ ಕೂರುತ್ತಾರೆ. ಆದ ಮೇಲೆ ಕಾರ್ಯದರ್ಶಿ ಅಲ್ಲೇ ಬರೆಯುತ್ತಾಳೆ.

ವಿನಿಫ್ರೆಡ್ ಡೇಲ್‌ನ ಹೆಸರು ಓದಿದಳು. ಮೌನ ಶುರುವಾಯಿತು. ಯಾರಾದರೂ ಎದ್ದು ಮಾತಾಡಿದರೆ ತಿಳಿಯಲೆಂದು ಬೆಥನಿ ಕಿವಿಯ ಯಂತ್ರ ಆನ್ ಮಾಡಿಕೊಂಡಳು.

ಕೋಟಿನಡಿ ಡೇಲ್‌ನ ಹೆಬ್ಬೆರಳುಗಳು ಆಡಿದವು. "ಇನ್ನೂ ಎಷ್ಟು ಹೊತ್ತು? ಕೈ ಎತ್ತಿ ಮುಗಿಸ್ಬಾರ್ದಾ ಇವ್ರು?"

ಬೆಥನಿ ಪರದೆ ನೋಡಲಿಲ್ಲ. ತಲೆ ಎತ್ತಿ ಸೂರು ನೋಡಿದಳು. ಕಿಟಕಿ ನೋಡಿದಳು. ಆಮೇಲೆ ಅವನ ಮಡಿಲು ನೋಡಿದಳು.

"ಇನ್ನೊಂದ್ಸಲ ಒತ್ತು," ಎಂದಳು, ಸಣ್ಣ ಸನ್ನೆಯಲ್ಲಿ.

ಅವನು ಒತ್ತಿದ. "ಯಾಕೆ?"

ಅವಳು ಕೋಟಿನ ಮೇಲಿಂದಲೇ ಅವನ ಎರಡು ಕೈಯನ್ನೂ ಅದುಮಿ ಹಿಡಿದಳು. ಆಮೇಲೆ ಬಿಟ್ಟು, ಎಲ್ಲರ ಎದುರಿಗೇ ಕೈ ತೆರೆದು ಹೇಳಿದಳು.

"ಡೇಲ್, ನಿನ್ನ ಫೋನು ಕೂಗ್ತಿದೆ. ಒಂದೊಂದು ಬಟನ್‌ಗೂ. ಗಾಜಿನ ಲೋಟಕ್ಕೆ ಚಮಚ ಬಡಿದ ಹಾಗೆ."

"ಇಲ್ಲ ಕಣೇ. ಅದುರೋ ಥರ ಇಟ್ಟಿದೀನಿ."

"ಅದುರೋದೂ ಅದುರತ್ತೆ, ಕೂಗೋದೂ ಕೂಗತ್ತೆ. ಎರಡೂ ಮಾಡತ್ತೆ, ದಡ್ಡ."

ಡೇಲ್ ತಲೆ ಎತ್ತಿದ. ಇಪ್ಪತ್ತಮೂರು ಮುಖ. ಎಲ್ಲರೂ ತಮ್ಮ ತಮ್ಮ ಮಡಿಲು ನೋಡುತ್ತಿದ್ದರು. ಅವನ ಕಣ್ಣಿಗೆ ಬಿದ್ದದ್ದು ಒಂದೇ: ಅವರಲ್ಲಿ ಒಬ್ಬರಿಗೂ ಆಶ್ಚರ್ಯವಾಗಿರಲಿಲ್ಲ.

ಅವನು ಕೈ ಆಡಿಸಿದ, ಬೆಥನಿ ತನ್ನ ಒಡಕು ದನಿಯಲ್ಲಿ ಅದಕ್ಕೆ ಬಾಯಾದಳು. "ಯಾವಾಗಿಂದ ಕೇಳಿಸ್ತಿದೆ ನಿಮಗೆ?"

ವಿನಿಫ್ರೆಡ್ ಮುಖವನ್ನು ಅವನ ಕಡೆ ಪೂರ್ತಿ ತಿರುಗಿಸಿ, ನಿಧಾನವಾಗಿ ಹೇಳಿದಳು. "ನೀನು ಬಂದಾಗಿಂದ, ಮಗು. ನವೆಂಬರಿಂದ."

"ಯಾಕೆ ಹೇಳ್ಲಿಲ್ಲ?"

ಮುದುಕಿ ಪುಸ್ತಕದ ಹಾಳೆ ಹಿಂದಕ್ಕೆ ಮಗುಚಿ, ಅವನ ಮುಂದೆ ತಂದಿಟ್ಟಳು. ಜನವರಿಯ ನಡಾವಳಿ, ಅವಳದೇ ದುಂಡು ಅಕ್ಷರ. 'ನಮ್ಮ ಕಿರಿಯ ಸ್ನೇಹಿತನ ಫೋನಿನ ಸದ್ದಿನ ಬಗ್ಗೆ ಯೋಚಿಸಿದೆವು. ಮಳೆಯ ಸದ್ದನ್ನೂ ಬೀದಿಯ ಸದ್ದನ್ನೂ ಇಟ್ಟುಕೊಳ್ಳುವಂತೆ ಇದನ್ನೂ ನಮ್ಮ ಮೌನದೊಳಗೆ ಇಟ್ಟುಕೊಳ್ಳುವುದೆಂದು ಒಪ್ಪಿದೆವು.'

ಆ ದಿನ ಡೇಲ್‌ಗೆ ನೆನಪಿತ್ತು. ಇವರು ಇದನ್ನು ಒಪ್ಪುತ್ತಿದ್ದಾಗ ಅವನು ಗೋಡೆಯಾಚೆ ಇವರ ಕಪ್ಪು ತೊಳೆಯುತ್ತಿದ್ದ. ಆಮೇಲೆ ಒಬ್ಬೊಬ್ಬರಾಗಿ ಬಂದು ಬೆನ್ನು ತಟ್ಟಿದ್ದರು. ಶುಂಠಿ ಕೇಕಿನ ದೊಡ್ಡ ತುಂಡು ಕೊಟ್ಟಿದ್ದರು. ಎಷ್ಟು ಒಳ್ಳೆಯ ಜನ ಎಂದು ಅವನು ಬೆಥನಿಗೆ ಬರೆದಿದ್ದ. ಅಲ್ಲೇ ನಿಂತು, ಅವರ ಎದುರಿಗೇ, ಒಂದೊಂದು ಅಕ್ಷರವನ್ನೂ ಅವರಿಗೆ ಕೇಳಿಸುತ್ತಾ.

"ಎಂಟು ತಿಂಗಳು!" ಬೆಥನಿ ಈಗ ತನ್ನ ಮಾತನ್ನೇ ಆಡುತ್ತಿದ್ದಳು. "ಒಂದು ಚೀಟಿ ಬರೆದು ಕೊಡೋಕೆ ನಿಮಗೆ ಎಂಟು ತಿಂಗಳು ಸಾಲ್ಲಿಲ್ವಾ? ಪುಸ್ತಕದಲ್ಲಿ ಬರೆಯೋಕೆ ಆಗತ್ತೆ, ಅವನ ಕೈಗೆ ಬರೆದು ಕೊಡೋಕೆ ಆಗಲ್ವಾ?"

"ಅವನಿಗೆ ನೋವಾಗಬಾರದು ಅಂತ," ಎಂದಳು ವಿನಿಫ್ರೆಡ್.

ಅಡುಗೆಮನೆಯ ಬಾಗಿಲಲ್ಲಿ ಸಿರಿಲ್ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತಿದ್ದ. "ಏನಾಯ್ತ್ರೋ? ಯಾರಾದ್ರೂ ಸತ್ರಾ?" ಪಕ್ಕದವರು ಅವನ ಮುಖಕ್ಕೆ ಬಾಯಿ ತಂದು ವಿಷಯ ತಿಳಿಸಿದರು. "ಸದ್ದು ಮಾಡ್ತಿತ್ತಾ? ನಂಗ್ಯಾವ ಸದ್ದು ಕೇಳತ್ತೆ, ಕೇಳಿದ್ರೆ ಅವತ್ತೇ ಕಿತ್ತು ಬಕೆಟ್ಟಿಗೆ ಹಾಕ್ತಿದ್ದೆ!"

ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಯಾರಾದರೂ ಅವನಿಗೆ ಕೊಟ್ಟ ಮರ್ಯಾದೆ ಅದೊಂದೇ.

ಸಿಟ್ಟು ಬರಬೇಕಿತ್ತು. ಡೇಲ್ ಅದಕ್ಕಾಗಿ ಕಾದ. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದರೆ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಎದೆ ಹಾಗಿತ್ತು. ವಿನಿಫ್ರೆಡ್ ತನ್ನ ಜಾಗಕ್ಕೆ ಹೋಗಿ, ಕನ್ನಡಕ ಏರಿಸಿ, ಇವತ್ತಿನ ನಡಾವಳಿ ಬರೆದಳು. ಬರೆದದ್ದನ್ನು ಅವನಿಗೆ ತೋರಿಸಿದಳು. ಆಗಸ್ಟ್ ಒಂದರಿಂದ ಉಸ್ತುವಾರಿಯ ಕೆಲಸ, ಮೇಲಿನ ಎರಡು ಕೋಣೆ, ಡೇಲ್ ಸಟ್‌ಕ್ಲಿಫ್‌ಗೆ. ಅವನು ಒಪ್ಪಿದರೆ.

ಎಲ್ಲರೂ ಕಾದರು. ಅವನು ಕೇಳಿದ, ಬೆಥನಿ ಹೇಳಿದಳು: "ಇದೂ ಮಳೆ ಸದ್ದಿನ ಲೆಕ್ಕಾನಾ? ಇಲ್ಲ ನಾನು ಬಾಯ್ಲರ್ ಚೆನ್ನಾಗಿ ನೋಡ್ಕೋತೀನಿ ಅಂತಾನಾ?"

ಈ ಜನ ಸುಳ್ಳು ಹೇಳುವುದಿಲ್ಲ, ಅಷ್ಟಂತೂ ಒಪ್ಪಬೇಕು. ಹೇಳದೆ ಇದ್ದುಬಿಡುತ್ತಾರೆ, ಆದರೆ ಕೇಳಿದರೆ ಸುಳ್ಳಿಲ್ಲ. ವಿನಿಫ್ರೆಡ್ ಪೆನ್ನು ಕೆಳಗಿಟ್ಟಳು.

"ಎರಡೂ ಇದೆ, ಮಗು. ಸ್ವಲ್ಪ ಅದು, ಸ್ವಲ್ಪ ಇದು."

ಡೇಲ್ ತಲೆ ಆಡಿಸಿದ. "ಸರಿ. ಬರ್ಕೊಳ್ಳಿ."

ಬೆಥನಿ ಅದನ್ನು ಬಾಯಲ್ಲಿ ಹೇಳಲಿಲ್ಲ. ಅವನ ಕಡೆ ತಿರುಗಿದಳು. "ಲೋ, ನಿಂಗೆ ಮಾನ ಇಲ್ವಾ?"

"ಎರಡು ಕೋಣೆ ಇದೆ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೇಜಿನ ಕಡೆ ತಿರುಗಿ, "ಒಪ್ಪಿಗೆಯಂತೆ," ಎಂದಳು.

ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತು ಅವನು ಅಮ್ಮನಿಗೆ ಬರೆದ. "ನನ್ನ ಫೋನಿನ ಬಟನ್ ಸದ್ದು ಮಾಡತ್ತೆ ಅಂತ ನಿಂಗೆ ಗೊತ್ತಿತ್ತಾ?"

ಉತ್ತರ ಬರಲು ಹೊತ್ತು ಹಿಡಿಯಿತು. ಅಮ್ಮನದು ಹಳೆಯ ಫೋನು, ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕು.

"ಗೊತ್ತಿತ್ತು ಪುಟ್ಟ. ಅದು ಕೇಳಿದ್ರೆ ನೀನು ಯಾವ ಕೋಣೇಲಿದ್ದೀಯ ಅಂತ ಗೊತ್ತಾಗ್ತಿತ್ತು. ನಂಗೆ ಇಷ್ಟ ಆಗ್ತಿತ್ತು. ಯಾಕೆ?"

ಡೇಲ್ ಅದನ್ನು ಎರಡು ಸಲ ಓದಿದ. ಬೆಥನಿ ಫೋನು ಕಿತ್ತುಕೊಂಡು, ಒಳಗೆಲ್ಲೋ ಹುಡುಕಿ, ಏನೋ ಬದಲಾಯಿಸಿ, ಕಿವಿಯ ಹತ್ತಿರ ಹಿಡಿದು ಎಲ್ಲ ಬಟನ್ನುಗಳನ್ನೂ ಒತ್ತಿ ನೋಡಿದಳು. "ಹೋಯ್ತು," ಎಂದಳು. ಅವನ ಹೆಬ್ಬೆರಳಿಗೆ ಅದು ನಿನ್ನೆಯಂತೆಯೇ ಇತ್ತು.

ಆಗಸ್ಟಿನಲ್ಲಿ ಇಬ್ಬರೂ ಮೇಲಿನ ಕೋಣೆಗಳಿಗೆ ಬಂದರು. ಸಿರಿಲ್ ಹೇಳಿದ್ದು ನಿಜ, ಹಾಸಿಗೆ ಒಂದು ಕಡೆ ತಗ್ಗಿತ್ತು. ಭಾನುವಾರ ಹತ್ತೂವರೆಗೆ ಡೇಲ್ ಈಗ ಬಾಗಿಲನ್ನು ಹೊರಗಿನಿಂದ ಮುಚ್ಚುತ್ತಾನೆ. ಮೂರನೇ ಬೆಂಚಿನ ತುದಿಯನ್ನು ಅವರು ಖಾಲಿ ಬಿಟ್ಟಿರುತ್ತಾರೆ. ಅವನು ಹೋಗುವುದಿಲ್ಲ. ಒಮ್ಮೆ ವಿನಿಫ್ರೆಡ್ ಚೀಟಿ ಬರೆದು ಕೊಟ್ಟಳು: 'ನಿನ್ನ ಜಾಗ ಇದೆ.' ಅವನು ಅದರ ಹಿಂದೆ ಬಾಯ್ಲರ್ ರಿಪೇರಿಯವನು ಬರುವ ದಿನ ಬರೆದು ವಾಪಸು ಕೊಟ್ಟ.

ಬೆಥನಿ ಮಾತ್ರ ಒಳಗೆ ಹೋಗಿ ಕೂರುತ್ತಾಳೆ, ಕಿವಿ ಆಫ್ ಮಾಡಿಕೊಂಡು. ಯಾಕೆಂದು ಅವನು ಕೇಳಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಅವನು ಅಡುಗೆಮನೆಯ ಸಣ್ಣ ಕಿಟಕಿಯ ಹತ್ತಿರ ಕಪ್ಪು ಜೋಡಿಸುತ್ತಿದ್ದ. ಆ ಕಿಟಕಿಯಿಂದ ಬೆಂಚುಗಳು ಕಾಣುತ್ತವೆ. ಎಲ್ಲರ ತಲೆ ಬಗ್ಗಿತ್ತು, ನೀಲಿ ಸ್ವೆಟರಿನವನದು ಇನ್ನೂ ಸ್ವಲ್ಪ ಹೆಚ್ಚು. ಬೆಥನಿ ಕಿಟಕಿಯ ಕಡೆ ನೋಡಿ ಎರಡು ಕೈಯನ್ನೂ ಎದೆಯ ಎತ್ತರಕ್ಕೆ ಎತ್ತಿ, ದೊಡ್ಡದಾಗಿ, ಗಾಳಿಯೆಲ್ಲ ಅಲುಗುವ ಹಾಗೆ ಕೇಳಿದಳು.

"ನೀರು ಇಟ್ಯಾ? ನಾಲ್ಕು ಜನ ಹೆಚ್ಚಿಗೆ ಇದಾರೆ ಇವತ್ತು."

ಒಂದು ತಲೆಯೂ ಮೇಲೇಳಲಿಲ್ಲ.

ಡೇಲ್‌ನ ಕೈ ಜೇಬಿಗೆ ಹೋಗಿತ್ತು. ಫೋನನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಎರಡೂ ಕೈ ಖಾಲಿಯಾದ ಮೇಲೆ ಉತ್ತರ ಕೊಟ್ಟ.

"ಇಟ್ಟಿದೀನಿ. ಬಿಸ್ಕತ್ತು ಸಾಲಲ್ಲ."