ಕೂರಿಸುವ ಗುಂಡಿ

ಠಣ್ ಎಂದದ್ದು ಕಲ್ಲಲ್ಲ, ಸುಣ್ಣದ ಹೆಂಟೆ, ಮೊಣಕಾಲುದ್ದ ಇಳಿದರೆ ಈ ಹೊಲದಲ್ಲಿ ಎಲ್ಲೆಲ್ಲೂ ಇದೇ, ಅಪ್ಪನಿಗೆ ತೋಡಿದಾಗಲೂ ಬಂದಿತ್ತು, ಅವ್ವನಿಗೆ ತೋಡಿದಾಗಲೂ — ತೋಡು ಪುಟ್ಟಬಸಪ್ಪ, ಯಾರೂ ಬರುವುದಿಲ್ಲ, ತೋಡು. ಹೆಂಡತಿ ಸತ್ತರೆ ಗಂಡನೇ ಗುಂಡಿ ತೋಡುವ ಪದ್ಧತಿ ಯಾವ ಊರಲ್ಲೂ ಇಲ್ಲ, ನಮ್ಮೂರಲ್ಲಿ ಇವತ್ತಿನಿಂದ ಇದೆ. ಗಂಗಾಂಬಿಕೆ ನಡುಮನೆಯಲ್ಲಿ ಚಾಪೆಯ ಮೇಲಿದ್ದಾಳೆ, ಗುಂಡ್ಲುಪೇಟೆಯ ಬಸ್ಸು ಬಂತು, ಅವಳ ಅಣ್ಣ ಇಳಿಯಲಿಲ್ಲ. ತಮ್ಮ ಚಿಕ್ಕಮಲ್ಲಪ್ಪ ಬೆಳಗ್ಗೆ ಬಂದಿದ್ದ, ಜಗುಲಿ ಹತ್ತದೆ ಬೀದಿಯಲ್ಲೇ ನಿಂತು ಹೇಳಿಹೋದ, ಕೊರಳಿಗೆ ಲಿಂಗ ಕಟ್ಟಿ ವಿಭೂತಿ ಬಳಿದು ನಮ್ಮವರ ಹಾಗೆ ಕೂರಿಸಿ ಹೂಳುವುದಾದರೆ ಎಂಟು ಹೆಗಲು ಬರುತ್ತವಂತೆ, ಕಿರಿಸ್ತಾನರ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸುವುದಾದರೆ ಒಂದೂ ಇಲ್ಲವಂತೆ. ಬೇಡ, ಇಟ್ಟುಕೊಳ್ಳಿ ನಿಮ್ಮ ಹೆಗಲು. ಹದಿನೈದು ದಿನ ಜ್ವರದಲ್ಲಿ ಬೆಂದಳು, ಯಾವ ನಾದಿನಿ ಒಂದು ಲೋಟ ಗಂಜಿ ತಂದಳು, ಯಾವ ಓರಗಿತ್ತಿ ಬಾಗಿಲಲ್ಲಿ ಇಣುಕಿದಳು. ಮೊನ್ನೆ ಸಂಜೆ ಕಣ್ಣು ಬಿಟ್ಟು ಅಂದಳು, ಬದ್ಕೆಲ್ಲ ಒಲೆ ಮುಂದೆ ಕೂತೇ ಇದ್ದೆ, ಸತ್ಮೇಲೂ ಕೂರ್ಸ್ಬ್ಯಾಡ ಕಣಪ್ಪ, ನೆಟ್ಟಗೆ ಮಲಗ್ಸು. ಮಲಗಿಸ್ತೀನಿ ಅಂದೆ. ನಿನ್ ತಮ್ಮನ ಮೇಲೆ ಕೈ ಎತ್ತಕಿಲ್ಲ ಅಂತ ಏಳು ಅಂದಳು. ಅದಕ್ಕೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಕೈ, ಈ ಕೈಯ ವಿಷಯ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮೊದಲ ಓಟು ಆದ ವರ್ಷ ಕಳ್ಳಭಟ್ಟಿ ಕುಡಿದು ಬಂದು, ಸಾರಿಗೆ ಉಪ್ಪಿಲ್ಲ ಅಂತ, ಬರೀ ಉಪ್ಪಿಲ್ಲ ಅಂತ, ಅವಳ ಎಡಗೈ ಹಿಡಿದು ತಿರುಚಿದೆ, ಒಣಗಿದ ಜೋಳದ ದಂಟಿನ ಸದ್ದು ಬಂತು. ಮಿಷನ್ ಆಸ್ಪತ್ರೆಯ ದೊರೆಸಾನಿ ಏನಾಯಿತು ಅಂತ ಕೇಳಿದರೆ ಇವಳು ಕೊಟ್ಟಿಗೇಲಿ ಜಾರ್ಬುಟ್ಟೆ ಅಂದಳು, ನನ್ನ ಮುಖ ನೋಡದೆಯೇ ಅಂದಳು. ಅಲ್ಲಿ ನೆಲ ಒರೆಸುತ್ತಿದ್ದವನು ನಮ್ಮೂರ ಕೇರಿಯ ದೊಡ್ಡಮಾದಯ್ಯ, ನಮ್ಮ ಬಾವಿಯ ಹಗ್ಗ ಮುಟ್ಟಿದ ಅಂತ ಒಂದು ಕಾಲದಲ್ಲಿ ನಾನೇ ಚಾಟಿಯಲ್ಲಿ ಬಾರಿಸಿದ್ದ ಮಾದಯ್ಯ, ಅವನು ಬಕೀಟು ಪಕ್ಕಕ್ಕಿಟ್ಟು ಹತ್ತಿರ ಬಂದ, ಈಗ ನಾಲ್ಕು ಜನರ ಮುಂದೆ ಮಾನ ಕಳೆಯುತ್ತಾನೆ ಅಂದುಕೊಂಡೆ, ಅವನು ಮೆಲ್ಲಗೆ ಅಂದ, ಒಡ್ದೋನ್ ಕೈಯೂ ನೋಯ್ತದೆ ಕಣಪ್ಪ, ನಾನೂ ನಮ್ಮೋಳ್ಗೆ ಒಡೀತಿದ್ದೆ, ಏಸಪ್ಪನ್ ಕೈಗೆ ಕೊಟ್ಬುಟ್ಟೆ ಈ ಕೈಯ, ಈಗ ನೋಯಕಿಲ್ಲ. ಒದೆಯಬೇಕು ಅನ್ನಿಸಿತು, ಒದೆಯಲಿಲ್ಲ, ಗೋಡೆಗೆ ಮುಖ ಹಾಕಿ ಅತ್ತೆ. ಮುಂದಿನ ವರ್ಷ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡೆವು, ಕೊರಳ ಲಿಂಗ ಬಿಚ್ಚಿ ತಮ್ಮನ ಕೈಗೆ ಕೊಟ್ಟೆ, ಕ್ಷೌರದವನು ಬರುವುದು ನಿಂತಿತು, ಬಾವಿಯೂ ನಮಗಿಲ್ಲದಾಯಿತು. ಆಮೇಲೆ ಒಂದು ದಿನವೂ ಅವಳ ಮೇಲೆ ಕೈ ಬಿದ್ದಿಲ್ಲ, ದೇವರು ಮಾಡಿದ್ದು ಇದೊಂದೇ, ಆದರೆ ಇದನ್ನು ಬೇರೆ ಯಾರೂ ಮಾಡಿರಲಿಲ್ಲ. ಕೋಪ ಮಾತ್ರ ಹೋಗಲಿಲ್ಲ. ಜಾತಿಯೂ ಹೋಗಲಿಲ್ಲ, ನಿಜ ಹೇಳಿಬಿಡುತ್ತೇನೆ, ಆರು ವರ್ಷ ಮಾದಯ್ಯನ ಪಕ್ಕ ಮೊಣಕಾಲೂರಿದ್ದೇನೆ, ಅವನ ಮನೆಯ ನೀರು ಕುಡಿದಿಲ್ಲ. ಅವಳು ಕುಡಿಯುತ್ತಿದ್ದಳು, ನೀನು ಅರ್ಧ ಕಿರಿಸ್ತಾನ ಕಣ ಅಂತ ನಗುತ್ತಿದ್ದಳು.

ಗಾಡಿಯ ಸದ್ದು. ಬದನಗುಪ್ಪೆಯಿಂದ ಹಲಗೆ ಪೆಟ್ಟಿಗೆ ತಂದು, ಅವಳನ್ನು ಅದರಲ್ಲಿ ಮಲಗಿಸಿ, ಕೇರಿಯವರು ಆರು ಜನ ಗಾಡಿಯ ಹಿಂದೆ ಬಂದಿದ್ದಾರೆ. ಮಾದಯ್ಯ ಗುಂಡಿಯೊಳಗೆ ಬಗ್ಗಿ ನೋಡುತ್ತಾನೆ, ಮತ್ತೆ ಪೆಟ್ಟಿಗೆ ನೋಡುತ್ತಾನೆ. ಏನ್ಲಾ ಅಂದೆ. ಅಣ್ಣಾ, ಇದು ಕೂರ್ಸೋ ಗುಂಡಿ. ನೋಡುತ್ತೇನೆ. ಚೌಕ. ನಾಲ್ಕೂ ಕಡೆ ಒಂದೇ ಅಳತೆ, ಆಳುದ್ದ ಇಳಿದು ಪಕ್ಕದ ಗೋಡೆಯಲ್ಲಿ ಹೆಣ ಕೂರುವ ಗೂಡು ಕೂಡ ಕೊರೆದಿದ್ದೇನೆ, ಮೇಲೆ ಕಮಾನು, ಕೆಳಗೆ ಪೀಠ, ಯಾವಾಗ ಕೊರೆದೆ, ನಾನು ಬೇರೇನೋ ನೆನೆಯುತ್ತಿದ್ದೆ, ಕೈ ತನಗೆ ಗೊತ್ತಿದ್ದದ್ದನ್ನು ಮಾಡಿ ಮುಗಿಸಿದೆ. ಪೆಟ್ಟಿಗೆ ಇಳಿಯುವುದಿಲ್ಲ. ಬದುವಿನ ಮೇಲೆ ನಿಂತಿದ್ದ ಚಿಕ್ಕಮಲ್ಲಪ್ಪನೂ ನೋಡಿದ, ಎಷ್ಟು ಹೊತ್ತಿನಿಂದ ನಿಂತಿದ್ದನೋ, ನೋಡ್ದಾ ಅಣ್ಣ, ಬಾಯಿ ಏಸು ಅಂದ್ರೂವೆ ಕೈ ಸಿವ ಸಿವ ಅಂತದೆ. ನಗುವಿಲ್ಲ ಅವನಿಗೆ, ಕಣ್ಣು ಕೆಂಪಾಗಿದೆ, ಅತ್ತಿದ್ದಾನೆ, ಅದೇ ಇನ್ನೂ ಉರಿಸುತ್ತದೆ. ಗುಂಡಿ ಸರ್ಯಾಗೇ ಅದೆ, ಕೂರ್ಸ್ಬುಡು, ಅತ್ಗೆಮ್ಮನ್ಗೆ ನಾನೇ ಎಗ್ಲು ಕೊಡ್ತೀನಿ. ಒಂದು ಮಾತು ಅಂದರೆ ಸಾಕು, ಬಾವಿ ಬರುತ್ತದೆ, ತಮ್ಮ ಬರುತ್ತಾನೆ, ನಾಳೆ ಬೆಳಗ್ಗೆ ಮಾತಾಡಿಸಲು ಒಂದು ಮನೆ ಇರುತ್ತದೆ, ಅವಳಿಗೆ ಹೇಗೂ ಗೊತ್ತಾಗುವುದಿಲ್ಲ — ಗೊತ್ತಾಗುವುದಿಲ್ಲ ಅಂತ ಅವನು ಬಾಯಿಬಿಟ್ಟು ಅಂದುಬಿಟ್ಟ, ಸತ್ತೋಳ್ಗೇನ್ ಗೊತ್ತಾದದು, ಮತ್ತು ಹಾರೆ ನನ್ನ ತಲೆಯ ಮೇಲಿದೆ, ನಾನು ಗುಂಡಿಯ ಹೊರಗಿದ್ದೇನೆ, ಅವನು ಓಡುತ್ತಿಲ್ಲ, ಬಾ ಒಡಿ ಅನ್ನುವಂತೆ ನಿಂತಿದ್ದಾನೆ, ಒಣ ದಂಟಿನ ಸದ್ದು ಕಿವಿಯಲ್ಲಿ. ಕೈ ಎತ್ತಕಿಲ್ಲ ಅಂತ ಏಳು. ಎತ್ತುವುದಿಲ್ಲ ಕಣಮ್ಮಿ. ಈಗ ಹೇಳಿದೆ, ಹೊತ್ತು ಮೀರಿದ ಮೇಲೆ. ಹಾರೆ ಕೆಳಗಿಳಿಸುವುದು ಎತ್ತುವುದಕ್ಕಿಂತ ಭಾರ, ಏಸುವೇ ಹಿಡಕೊ, ನನ್ನ ಕೈಲಿ ಆಗುವುದಿಲ್ಲ.

ಹಾರೆ ನೆಲಕ್ಕೂರಿ, ಗುಂಡಿ ಉದ್ದ ಮಾಡೋಣ ಅಂದೆ. ಮಾದಯ್ಯ ಆಗಲೇ ಗುಂಡಿಗೆ ಇಳಿದಿದ್ದ. ಇಬ್ಬರೂ ತೋಡಿದೆವು, ಬಾಯಾರಿತು, ಅವನ ಹೆಂಡತಿ ಮರಿತಾಯಮ್ಮ ಚೊಂಬು ನೆಲದ ಮೇಲಿಟ್ಟು ಹಿಂದೆ ಸರಿದಳು, ನಾನೇ ಕಲಿಸಿದ ಆ ಹಿಂದೆ ಸರಿಯುವುದು, ಎತ್ತಿ ಕುಡಿದೆ, ಬರೀ ನೀರು, ಬಾವಿಯ ನೀರಿನ ಹಾಗೇ ನೀರು, ನೋಡಿ ನಗುವವಳು ಪೆಟ್ಟಿಗೆಯಲ್ಲಿ. ತಮ್ಮ ಹೋದದ್ದು ಯಾವಾಗಲೋ. ಪೆಟ್ಟಿಗೆ ಇಳಿಯಿತು, ನೆಟ್ಟಗೆ, ಅವಳು ಕೇಳಿದ ಹಾಗೇ. ಗೂಡು ಮುಚ್ಚನಾ ಅಣ್ಣ, ಅಂದ ಮಾದಯ್ಯ. ಇರಲಿ. ಒಂದು ದಿನ ಏಸಪ್ಪ ಕರೆದಾಗ ಏಳುತ್ತಾಳೆ, ಹಾಗಂತ ನಂಬಿದ್ದೇನೆ, ನಂಬದಿದ್ದರೆ ಈ ಹಾರೆ ಈಗ ಎಲ್ಲಿರುತ್ತಿತ್ತು. ಮಣ್ಣು ಎಳೆಯುತ್ತೇನೆ, ಪೆಟ್ಟಿಗೆ ಮುಚ್ಚಿತು, ಗೂಡು ಮುಚ್ಚುವುದಿಲ್ಲ, ಮಣ್ಣು ಅದರ ಬಾಯಿಗೆ ಬಂದು ಜಾರುತ್ತದೆ, ಇನ್ನೊಂದು ಮಂಕರಿ ಮಣ್ಣು, ಜಾರುತ್ತದೆ, ಒಳಗೆ ಕಪ್ಪು, ಸರಿಯಾಗಿ ಅವಳು ಕೂತಷ್ಟೇ ಅಗಲ, ಅವಳು ಕೂತಷ್ಟೇ ಎತ್ತರ, ಅವಳಿಲ್ಲ, ಇನ್ನೊಂದು ಮಂಕರಿ, ಗೂಡು, ಖಾಲಿ ಗೂಡು