ಖಾಲಿ ಕಲ್ಲಿನ ಸದ್ದು

ಅತ್ತೆಗೆ ತಲೆ ಕೆಟ್ಟಿದೆ ಎಂದು ಸೊಸೆ ತೀರ್ಮಾನಿಸಿ ಬಹಳ ದಿನಗಳಾಗಿದ್ದವು. ಇಲ್ಲದಿದ್ದರೆ ಹಿಟ್ಟಿನ ಗಿರಣಿಯಲ್ಲೇ ತಲೆ ಬೆಳ್ಳಗಾದ ಹೆಂಗಸು ಕಾಳಿಲ್ಲದೆ ಕಲ್ಲು ತಿರುಗಿಸುತ್ತಾಳೆಯೇ? ಕಾಳು ಮುಗಿದ ಕೂಡಲೇ ಎಂಜಿನ್ ನಿಲ್ಲಿಸಬೇಕು. ಇಲ್ಲವಾದರೆ ಕಲ್ಲಿಗೆ ಕಲ್ಲು ಉಜ್ಜಿ ಸವೆಯುತ್ತದೆ, ಮುಂದಿನ ಹಿಟ್ಟಿಗೆಲ್ಲ ಮರಳು ಬೀಳುತ್ತದೆ. ಅತ್ತೆಯದು ಬೇರೆಯೇ ಲೆಕ್ಕ. ಕಾಳಿರಲಿ ಬಿಡಲಿ, ಬೆಳಗಿನಿಂದ ಕತ್ತಲಾಗುವವರೆಗೆ ಗಿರಣಿ ಗಡಗಡ ಎನ್ನುತ್ತಲೇ ಇರಬೇಕು. ಯುದ್ಧ ಶುರುವಾದ ಮೇಲೆ, ತನ್ನ ಹಿಟ್ಟು ಬೀಸಿಸಿಕೊಳ್ಳಲು, ಎಂಜಿನ್ನಿಗೆ ಎಣ್ಣೆ ಕೊಡುತ್ತಿದ್ದುದು ಸೈನ್ಯ. ಅದನ್ನು ಹೀಗೆ ಪೋಲು ಮಾಡುತ್ತಿರುವುದು ತಿಳಿದರೆ ಗಿರಣಿಯೂ ಹೋಯಿತು, ಇವರಿಬ್ಬರೂ ಹೋದರು.

ಸಾಲದ್ದಕ್ಕೆ ಮುದುಕಿಯ ಹಸಿವು ಬೇರೆ. ಊರಿಗೆ ಊರೇ ಅರೆಹೊಟ್ಟೆಯಲ್ಲಿರುವಾಗ ಈಕೆ ತಟ್ಟೆ ತುಂಬ ಬಡಿಸಿಕೊಂಡು, ಗಿರಣಿಯ ಕದ ಹಾಕಿಕೊಂಡು ತಿನ್ನುವಳು. ಮಲಗುವುದೂ ಅಲ್ಲೇ, ಒಳಗಿನಿಂದ ಅಗಳಿ ಹಾಕಿಕೊಂಡು. ಹಿಂದಿನ ಬೀದಿಯ ಮನೆಯಲ್ಲಿ ಸೊಸೆ ಒಬ್ಬಳೇ.

"ನಿಮ್ಮ ಹೊಟ್ಟೇಲಿ ಇನ್ನೊಂದು ಗಿರಣಿ ಇದೆಯಾ ಅತ್ತೆ?" ಎಂದು ಚುಚ್ಚಿದರೆ, "ನನ್ನ ವಯಸ್ಸಾದಾಗ ನಿಂಗೂ ಗೊತ್ತಾಗತ್ತೆ, ಸುಮ್ನಿರು" ಎನ್ನುವಳು.

ಮಗ ಸತ್ತ ದುಃಖ ಒಬ್ಬೊಬ್ಬರನ್ನು ಒಂದೊಂದು ಥರ ಹಿಡಿಯುತ್ತದೆ. ಸೊಸೆಯನ್ನಂತೂ ಅಳುವಾಗಿ ಹಿಡಿದಿತ್ತು.

ಅವಳ ಗಂಡನನ್ನು ಸೈನ್ಯಕ್ಕೆ ಬಲವಂತವಾಗಿ ಎಳೆದೊಯ್ದಿದ್ದರು. ಚಳಿಗಾಲಕ್ಕೆ ಮುಂಚೆ ಅತ್ತೆ ಒಂದು ದಿನ ರಕ್ತ ಮೆತ್ತಿದ ಅವನ ಕೋಟು ತಂದು ಅವಳ ಮಡಿಲಿಗೆ ಹಾಕಿದಳು. ಹೊಳೆ ದಾಟುವಾಗ ಗುಂಡು ಬಿತ್ತಂತೆ, ಹೆಣವೂ ಸಿಗಲಿಲ್ಲವಂತೆ. ಮರುದಿನವೇ ಸೈನಿಕರು ಬಂದರು. ಸತ್ತಿಲ್ಲ, ಪಡೆ ಬಿಟ್ಟು ಓಡಿದ್ದಾನೆ, ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಅಬ್ಬರಿಸಿದರು. ಓಡಿಬಂದವರನ್ನೂ ಅವರಿಗೆ ಜಾಗ ಕೊಟ್ಟವರನ್ನೂ ಮಾರುಕಟ್ಟೆಯ ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಿದ್ದ ಕಾಲ. ಆದರೆ ಆ ಕೋಟನ್ನು ಅವಚಿಕೊಂಡು ಅವಳು ನೆಲದ ಮೇಲೆ ಹೊರಳಾಡಿದ್ದನ್ನು ನೋಡಿ ಅವರಿಗೇ ಮುಖ ಎತ್ತಲಾಗಲಿಲ್ಲ. ಸದ್ದಿಲ್ಲದೆ ಹೊರಟುಹೋದರು.

ಈಚೆಗೆ ಸೈನ್ಯದ ಉಗ್ರಾಣದ ಸಾಹೇಬನಿಂದ ದೂರು ಬಂದಿತ್ತು. ಸೈನಿಕರು ತಿನ್ನುವ ಬ್ರೆಡ್ಡಿನಲ್ಲಿ ಮರಳು ಸಿಗುತ್ತಿದೆ, ತಾನೇ ಬಂದು ನೋಡುತ್ತೇನೆ ಎಂದಿದ್ದ. ಬಂದೂ ಬಿಟ್ಟ. ಬೀದಿಯ ತಿರುವಿನಲ್ಲಿ ಲಾರಿ ಕಂಡಾಗ ಸೊಸೆ ಬಾಗಿಲು ಗುಡಿಸುತ್ತಿದ್ದಳು. ಒಳಗೆ ಕಲ್ಲು ಎಂದಿನಂತೆ ಖಾಲಿ ತಿರುಗುತ್ತಿತ್ತು. ಅತ್ತೆ ಹಿತ್ತಲಿಗೆ ನೀರಿಗೆ ಹೋಗಿದ್ದಳು. ಸೊಸೆ ಓಡಿಹೋಗಿ ಎಂಜಿನ್ ನಿಲ್ಲಿಸಿದಳು. ತಾನು ಅತ್ತೆಯ ಮಾನವನ್ನೂ ಜೀವವನ್ನೂ ಉಳಿಸಿದೆ ಎಂದೇ ಅವಳ ನಂಬಿಕೆ.

ಬೆಲ್ಟು ನಿಂತಿತು, ಕಲ್ಲು ನಿಂತಿತು. ಆಗ ನೆಲದ ಹಲಗೆಯ ಕೆಳಗಿನಿಂದ ಯಾರೋ ಕೆಮ್ಮಿದರು.

ಯಾರೋ ಏನು ಬಂತು! ಕುಕ್ಕಿ ಕುಕ್ಕಿ ಬಂದು ಕೊನೆಗೆ ಸುಂಯ್ ಎಂದು ಎಳೆಯುವ ಆ ಹಿಟ್ಟಿನ ಕೆಮ್ಮು ಅವಳು ಮದುವೆಯಾದಾಗಿನಿಂದ ಪಕ್ಕದ ದಿಂಬಿನಲ್ಲಿ ಕೇಳಿದ್ದು. "ಗಿರಣಿಯವನ ಮಗನಿಗೆ ಹಿಟ್ಟು ಆಗಲ್ಲ ಅಂದ್ರೆ ಏನು ಹೇಳೋಣ" ಎಂದು ಅದನ್ನೇ ಅಣಕಿಸಿ ಎಷ್ಟು ಸಲ ನಗಾಡಿದ್ದಳೋ.

ಅತ್ತೆ ಕೊಡವನ್ನು ಅಲ್ಲೇ ಬಿಟ್ಟು ಓಡಿಬಂದಳು. ಅವಳ ಮುಖವೇ ಎಲ್ಲ ಹೇಳಿತು.

"ಯಾಕೆ ನಿಲ್ಲಿಸ್ದೆ? ಅಯ್ಯೋ, ಯಾಕೆ ನಿಲ್ಲಿಸ್ದೆ?"

"ಬದುಕಿದಾರಾ? ನಂಗೊಂದು ಮಾತು ಹೇಳ್ಬಾರದಿತ್ತಾ?"

"ನಿನ್ನ ಅಳು ನೋಡಿನೇ ಅವ್ರು ನಂಬಿದ್ದು ಮಗಳೇ. ಸುಳ್ಳು ಅಳು ಅಳೋಕೆ ನಿಂಗೆ ಬರ್ತಿರಲಿಲ್ಲ."

ಸೊಸೆಗೆ ಕುಣಿಯಬೇಕೆನಿಸಿತು. ಅದೇ ಗಳಿಗೆಯಲ್ಲಿ ಮುದುಕಿಯ ಕತ್ತು ಹಿಸುಕಬೇಕೆಂದೂ ಅನಿಸಿತು. ಎರಡಕ್ಕೂ ಹೊತ್ತಿರಲಿಲ್ಲ. ಇಬ್ಬರೂ ಎಂಜಿನ್ನಿನ ಹ್ಯಾಂಡಲ್ಲಿಗೆ ಕೈ ಹಾಕಿ ಮೈಮೇಲೆ ಬಂದವರಂತೆ ತಿರುಗಿಸಿದರು. ಆ ಹಾಳು ಎಂಜಿನ್ ಒಮ್ಮೆ ಬಿಕ್ಕಿ ಸುಮ್ಮನಾಯಿತು. ಸಾಹೇಬ ಇಬ್ಬರು ಸೈನಿಕರೊಂದಿಗೆ ಒಳಗೆ ಬಂದು, ಕಲ್ಲಿನ ಮೇಲೆ ಬೆರಳಾಡಿಸಿ ನೋಡತೊಡಗಿದ.

ಕೆಳಗಿನಿಂದ ಕೆಮ್ಮು ಮತ್ತೆ ಕುಕ್ಕಿತು. ಅದು ಮುಗಿಯುವ ಮೊದಲೇ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮಿದಳು. ಕುಕ್ಕಿ ಕುಕ್ಕಿ ಕೆಮ್ಮಿ, ಕೊನೆಗೆ ಸುಂಯ್ ಎಂದು ಎಳೆದಳು. ಅಷ್ಟು ವರ್ಷ ಅಣಕಿಸಿದ್ದು ಕೆಲಸಕ್ಕೆ ಬಂತು. ಅವನು ಕೆಮ್ಮಿದಾಗಲೆಲ್ಲ ಇವಳು ಅದರ ಮೇಲೆ ಕೆಮ್ಮಿದಳು. ಗಂಟಲು ಹರಿದು ಸೆರಗಿನಲ್ಲಿ ರಕ್ತದ ಕಲೆ ಕಾಣಿಸಿತು.

ಸಾಹೇಬ ಹಿಂದಕ್ಕೆ ಸರಿದ. "ಎಷ್ಟು ದಿನದಿಂದ ಇವಳಿಗೆ ಈ ಕೆಮ್ಮು?"

ಅತ್ತೆ ಮುಂದೆ ಬಂದಳು. "ಗಂಡ ಸತ್ತಾಗಿನಿಂದ."

"ಕ್ಷಯ ಹಿಡಿದವಳ ಕೈಯಲ್ಲಿ ನನ್ನ ಪಡೆಗೆ ಹಿಟ್ಟು ಬೀಸಿಸ್ತಿದೀಯಾ ಮುದುಕಿ? ಇವಳನ್ನ ಶೆಡ್ಡಿಗೆ ಸಾಗಿಸ್ರೋ. ನೀನು ಕಲ್ಲೆಲ್ಲ ತೊಳೆದು ನಾಳೆಯಿಂದ ಬೀಸು."

ಊರಾಚೆಯ ಕ್ಷಯದ ಶೆಡ್ಡಿನ ವಿಷಯ ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಹೋದವರು ನಡೆದುಕೊಂಡು ಹೊರಗೆ ಬಂದದ್ದಿಲ್ಲ. ನೆಲದ ಕೆಳಗಿದ್ದವನಿಗೂ ಗೊತ್ತಿತ್ತೆಂದು ಕಾಣುತ್ತದೆ, ಏಕೆಂದರೆ ಅತ್ತೆಯ ಕಾಲ ಬಳಿಯ ಹಲಗೆ ಕೂದಲೆಳೆಯಷ್ಟು ಮೇಲೆದ್ದಿತು. ಅದು ಸೊಸೆಗೂ ಕಂಡಿತು, ಅತ್ತೆಗೂ ಕಂಡಿತು. ಅತ್ತೆ ಕಾಳಿನ ಮೂಟೆಯೊಂದನ್ನು ಅದರ ಮೇಲೆ ಉರುಳಿಸಿ, ಮೂಟೆಯ ಮೇಲೆ ಕುಕ್ಕರಿಸಿ, ಎದೆ ಬಡಿದುಕೊಂಡು ಗೋಳಾಡಿದಳು. ಮಗನನ್ನು ಅದುಮಿಟ್ಟು ಸೊಸೆಗಾಗಿ ಅಳುತ್ತಿದ್ದಳು. ಆ ಅಳುವಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಸೈನಿಕರು ಸೊಸೆಯನ್ನು ಮುಟ್ಟಲು ಹೆದರಿ ಬಂದೂಕಿನ ತುದಿಯಿಂದ ಬಾಗಿಲ ಕಡೆ ತಳ್ಳಿದರು. ಹೊಸಿಲಲ್ಲಿ ನಿಂತು ಅವಳು ನೆಲದ ಕೆಳಗೂ ಕೇಳುವಂತೆ ಕೂಗಿ ಹೇಳಿದಳು:

"ನನ್ನಾಣೆ ಇದೆ ಅತ್ತೆ. ನನ್ನ ಹಿಂದೆ ಯಾರೂ ಬರಬಾರ್ದು. ಬದುಕಿರೋರು ಬದುಕಿರ್ಬೇಕು. ಗಿರಣಿ ಶುರು ಮಾಡಿ."

ಲಾರಿಯಲ್ಲಿ ಸೈನಿಕರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ಕುಳಿತರು. ಬೀದಿಯ ತಿರುವು ಬರುವಷ್ಟರಲ್ಲಿ ಹಿಂದೆ ಎಂಜಿನ್ ಹತ್ತಿಕೊಂಡಿತು. ಗಿರಣಿ ಗಡಗಡ ಎನ್ನತೊಡಗಿತು. ಆ ಸದ್ದಿನ ಅಡಿಯಲ್ಲಿ ಅವನ ಕೆಮ್ಮು ಇನ್ನೊಮ್ಮೆ ಕೇಳೀತೇನೋ ಎಂದು ಅವಳು ಕಿವಿಗೊಟ್ಟಳು. ಒಂದೇ ಒಂದು ಸಲ ಸಾಕಿತ್ತು. ಕೇಳಲಿಲ್ಲ. ಕೇಳದಿರಲಿ ಎಂದೇ ಅಲ್ಲವೇ ಇಷ್ಟೆಲ್ಲ.

ಅವಳು ಅತ್ತಳು. ಅವನು ಸತ್ತನೆಂದು ತಿಳಿದಾಗಲೂ ಅಷ್ಟು ಅತ್ತಿರಲಿಲ್ಲ.