ಸಿದ್ಧವಾಗಿ ಬಂದ ಮೇಜು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ಓದುವವರು ಕ್ಷಮಿಸಬೇಕು. ನಾನು ಮರಕ್ಕೆ ಪಾಲಿಶ್ ಹಚ್ಚುವವನು. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಅಕ್ಷರ ಕಲಿತೆ. ನಡೆದದ್ದನ್ನು ನಡೆದ ಹಾಗೆ, ಒಂದಾದ ಮೇಲೆ ಒಂದರಂತೆ ಬರೆಯಿರಿ ಎನ್ನುತ್ತಿದ್ದರು ಅಲ್ಲಿನ ಮೇಷ್ಟ್ರು. ಹಾಗೆ ಬರೆಯಲು ಆರು ಸಲ ಕೂತು ಆರು ಸಲವೂ ಹರಿದು ಹಾಕಿದ್ದೇನೆ. ನಿಜವಾಗಿ ಇದು ನನ್ನ ಸೋದರಮಾವ ಹೇಳಬೇಕಾದ ಕತೆ. ಅವನಿಗೆ ಬರೆಯಲು ಬಾರದು. ಇನ್ನೊಂದು ಕಾರಣವೂ ಇದೆ. ಇದರಲ್ಲಿ ಒಂದು ತಪ್ಪು ನನ್ನದು. ಬೇರೆಯವರು ಬರೆದರೆ ಪಾಪ ಎಂದು ಅದನ್ನು ಬಿಟ್ಟುಬಿಟ್ಟಾರು.

“ಕೆಳಗೆ ಕೂತ್ಕೊಳೋ ಅಂದೆ. ಕುರ್ಚಿ ಮೇಲಲ್ಲ. ನಿಮ್ಮಪ್ಪ ತಂದಿಟ್ಟ ಕುರ್ಚಿ ಅನ್ಕೊಂಡ್ಯಾ?”

ಸಂಸತ್ ಭವನದ ನೆಲಮಾಳಿಗೆಯಲ್ಲಿ ಉಗ್ರಾಣದ ಅಧಿಕಾರಿ ಹೀಗೆಂದದ್ದು ನನ್ನ ಮಾವನಿಗೆ. ಮಾವ ಬಡಗಿ. ಐವತ್ತೆಂಟು ವರ್ಷ. ಮೇಜಿನ ಎತ್ತರ ಸರಿಯಿದೆಯೇ ನೋಡಬೇಕಿತ್ತು. ಕುರ್ಚಿ ಎಳೆದು ಕೂತು ನೋಡುವುದು ಬಡಗಿಗಳ ಪದ್ಧತಿ. ಅಧಿಕಾರಿ ಅದನ್ನು ತಡೆದು, ತಾನೇ ಕೂತು, ಮಾವನನ್ನು ಮೇಜಿನ ಅಡಿಗೆ ಕಳಿಸಿದರು. ಮಾವ ಕುಕ್ಕರಗಾಲಿನಲ್ಲಿ ಒಳಗೆ ತೆವಳಿ ಅಳತೆಪಟ್ಟಿ ಹಿಡಿದ. ಅಧಿಕಾರಿ ಕಾಲು ಚಾಚಿದರು. ಬೂಟು ಮಾವನ ಹೆಗಲಿಗೆ ತಗುಲಿತು. ಅವರು ಕಾಲು ಹಿಂದಕ್ಕೆ ತೆಗೆಯಲಿಲ್ಲ.

“ಜಾಗ ಸಾಕು,” ಎಂದರು. “ಸದಸ್ಯರು ಗಂಟೆಗಟ್ಟಲೆ ಕೂರೋರು. ಕಾಲು ಆರಾಮಾಗಿರಬೇಕು.”

ಸರ್ಕಾರ ಮಾಡುವ ಖರ್ಚನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಲು ಸಂಸತ್ತಿನಲ್ಲಿ ಹೊಸದಾಗಿ ಒಂದು ಸಮಿತಿ ಮಾಡಿದ್ದರು. ಆ ಸಮಿತಿಗೆ ಲಾಳದ ಆಕಾರದ ಮೇಜು ಬೇಕಿತ್ತು. ಎಲ್ಲೂ ಮೊಳೆ ಕಾಣಬಾರದು ಎಂದು ಹೇಳಿದ್ದರು. ನಾವು ಮೂವರು ಕೆಲಸಕ್ಕೆ ಹೋಗಿದ್ದೆವು. ಮಾವ, ನಾನು, ಇನ್ನೊಬ್ಬ ಬಡಗಿ. ಗರಗಸದ ಸದ್ದಿಗೆ ಅವನ ಕಿವಿ ಹೋಗಿದ್ದರಿಂದ ಎಲ್ಲರೂ ಅವನನ್ನು ಕಿವುಡಪ್ಪ ಎನ್ನುತ್ತಿದ್ದರು. ನಮ್ಮನ್ನು ಕರೆದೊಯ್ದ ಕಂಟ್ರಾಕ್ಟರನಿಗೆ ನಾವಿಟ್ಟ ಹೆಸರು ಜೇನು. ಅವನು ಬೈಯುವಾಗಲೂ “ಅಣ್ಣ” ಎಂದೇ ಬೈಯುತ್ತಿದ್ದ.

ಮೊದಲು ಹದಿನೈದು ಮಂದಿ ಸದಸ್ಯರು ಎಂದರು. ಹದಿನೈದು ಜನರ ಮೇಜು ಮಾಡಿದೆವು. ನಾನು ಎರಡು ಕೈ ಪಾಲಿಶ್ ಹೊಡೆದಿದ್ದೆ. ಅಷ್ಟರಲ್ಲಿ ಮೇಲೆ ಪಕ್ಷಗಳ ನಡುವೆ ಜಗಳವಾಗಿ ಸಂಖ್ಯೆ ಇಪ್ಪತ್ತೊಂದಾಯಿತು. ಬಿಚ್ಚಿ, ಬಾಗು ಬದಲಿಸಿ, ಮತ್ತೆ ಕೂಡಿಸಿದೆವು. ಆಮೇಲೆ ರಾಜಿಯಾಗಿ ಹದಿನೆಂಟಾಯಿತು.

“ಇವರು ಖರ್ಚು ನೋಡೋದು ಹಾಗಿರಲಿ,” ಎಂದ ಮಾವ, “ಮೊದಲು ಅವರನ್ನ ಅವರು ಎಣಿಸ್ಕೊಳ್ಳಲಿ.”

ಕಿವುಡಪ್ಪ ಅವನ ತುಟಿ ನೋಡಿಯೇ ಅರ್ಥ ಮಾಡಿಕೊಂಡು ಹೊಟ್ಟೆ ಹಿಡಿದು ನಕ್ಕ.

ಹದಿನೆಂಟಕ್ಕೆ ಇಳಿಸುವಾಗ ಅಗಲದ ಹಲಗೆಗಳನ್ನು ಮೆಷಿನ್ ಗರಗಸಕ್ಕೆ ಕೊಡಬೇಕಾಯಿತು. ಕೈ ತಗುಲದಂತೆ ಗರಗಸದ ಮೇಲೆ ಹಾಕಿದ ಕಬ್ಬಿಣದ ಮುಚ್ಚಳ ಇದ್ದರೆ ಆ ಹಲಗೆ ಹೋಗುವುದಿಲ್ಲ. ಮುಚ್ಚಳ ತೆಗೆಸಿದ್ದು ಜೇನು. “ಅಣ್ಣ, ಅದನ್ನ ಇಟ್ಕೊಂಡು ಪೂಜೆ ಮಾಡ್ತೀಯಾ? ತೆಗಿ, ಬೇಗ ಆಗುತ್ತೆ.” ಊಟದ ಹೊತ್ತಿನೊಳಗೆ ಅಧಿಕಾರಿ ಮೂರು ಸಲ ಬಂದು ಆಯ್ತಾ ಎಂದು ಕೇಳಿದರು. ಮೂರನೆಯ ಸಲ ಬಾಗಿಲಲ್ಲೇ ನಿಂತು, “ಏನ್ರೋ ಸೋಮಾರಿಗಳಾ, ಹೆರಿಗೆ ಮಾಡಿಸ್ತಿದೀರಾ?” ಎಂದರು. ಗರಗಸಕ್ಕೆ ಹಲಗೆ ನೂಕುತ್ತಿದ್ದ ಮಾವ ಆ ಕಡೆ ತಲೆ ತಿರುಗಿಸಿದ.

ಬಲಗೈ ತೋರುಬೆರಳು, ಅದರ ಪಕ್ಕದ್ದು.

ಅವನು ಕೂಗಲಿಲ್ಲ. ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, “ಮೆಷಿನ್ ಆರಿಸು,” ಎಂದ. ನಾನು ಆರಿಸಿದೆ. ಅಧಿಕಾರಿ ಹತ್ತಿರ ಬಂದರು. ಅವರು ಮೊದಲು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

“ಹಲಗೆ ಮೇಲೆ ರಕ್ತ ಬಿತ್ತಾ?”

ಜೇನು ತನ್ನ ಟವೆಲ್ ಸುತ್ತಿ ಮಾವನನ್ನು ಬಾಡಿಗೆ ಗಾಡಿಗೆ ಹತ್ತಿಸಿದ. “ಅಣ್ಣ, ಆಸ್ಪತ್ರೇಲಿ ಕೇಳಿದ್ರೆ ಮನೇಲಿ ಆಯ್ತು ಅನ್ನು. ಮಿಕ್ಕಿದ್ದು ನಾನು ನೋಡ್ಕೋತೀನಿ.” ನಾನೂ ಜೊತೆಗೆ ಹೊರಟೆ. ಅವನು ತೋಳು ಹಿಡಿದು ನಿಲ್ಲಿಸಿದ. ಪಾಲಿಶ್ ಯಾರು ಮಾಡುತ್ತಾರೆ ಎಂದ. ನಾನು ನಿಂತೆ. ಏಕೆ ನಿಂತೆ ಎಂದು ಅತ್ತೆ ಇವತ್ತಿಗೂ ಕೇಳುತ್ತಾಳೆ. ಆ ಹಲಗೆಯನ್ನು ಎರಡು ಗಂಟೆ ಉಜ್ಜಿದೆ. ಕಲೆ ಮರದೊಳಗೆ ಇಳಿದಿತ್ತು. ಕೊನೆಗೆ ಇಡೀ ಮೇಜಿಗೆ ಸ್ವಲ್ಪ ಹೆಚ್ಚು ಕಪ್ಪಾದ ಪಾಲಿಶ್ ಹಚ್ಚಿದೆ. ಅಧಿಕಾರಿಗೆ ಅದು ಮೊದಲಿನದಕ್ಕಿಂತ ಚೆನ್ನಾಗಿ ಕಂಡಿತು.

ಈಗ ನನ್ನ ತಪ್ಪಿನ ವಿಷಯ.

ಮೇಜನ್ನು ಮೇಲಿನ ಸಭಾಕೊಠಡಿಗೆ ಸಾಗಿಸಿದ ದಿನ ಗುಮಾಸ್ತನೊಬ್ಬ ಕಾಗದ ತಂದು, ಸಹಿ ಮಾಡಲು ಬರುವವರು ಯಾರಾದರೂ ಇದ್ದೀರಾ ಎಂದ. ಕಿವುಡಪ್ಪ ನನ್ನ ಬೆನ್ನು ತಟ್ಟಿ ಮುಂದೆ ನೂಕಿದ. “ನಮ್ಮೋನು! ಓದವ್ನೆ!” ಗುಮಾಸ್ತ ನನಗೆ ಕುರ್ಚಿ ಕೊಟ್ಟ. ಆ ಭವನದಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಓದದೆ ಸಹಿ ಹಾಕಿದೆ ಎಂದು ಹೇಳಿದರೆ ನೀವು ನಂಬುತ್ತೀರಿ, ನನಗೂ ಹಗುರವಾಗುತ್ತದೆ. ಆದರೆ ನಾನು ಓದಿದೆ. ಪ್ರತಿ ಅಕ್ಷರ ಓದಿದೆ. ಕಂಪನಿಯೊಂದರಿಂದ ಸಿದ್ಧವಾಗಿ ಬಂದ ಮೇಜು ಒಂದು, ಸುಸ್ಥಿತಿಯಲ್ಲಿ ತಲುಪಿದೆ, ಇಳಿಸಿಕೊಂಡಿದ್ದಕ್ಕೆ ಸಾಕ್ಷಿ ಎಂದಿತ್ತು. ಕಂಪನಿಯ ಹೆಸರು ನಾನು ಕೇಳಿರಲಿಲ್ಲ. ಕಚೇರಿಯ ಭಾಷೆ ಹೀಗೇ ಇರಬಹುದು, ದೊಡ್ಡವರ ಕಾಗದದಲ್ಲಿ ನಾನು ತಪ್ಪು ಹುಡುಕುವುದೇ ಎಂದುಕೊಂಡೆ. ಕೇಳಿದರೆ ಓದಲು ಬಾರದವನು ಎಂದುಕೊಳ್ಳುತ್ತಾರೇನೋ ಎಂಬ ಹೆದರಿಕೆಯೂ ಇತ್ತು. ಸಹಿ ಮಾಡಿದೆ. ಅಕ್ಷರ ದುಂಡಗಿದೆ ಎಂದ ಗುಮಾಸ್ತ. ಮನೆಗೆ ಹೋಗಿ ಹೆಂಡತಿಗೂ ಅದನ್ನೇ ಹೇಳಿದೆ.

ಆಸ್ಪತ್ರೆಯ ಡಾಕ್ಟರು ಮಾವನ ಕೈ ನೋಡಿ, ಹೋದ ಎರಡು ಬೆರಳಿನ ಮಾತು ಬಿಡಿ, ಉಳಿದವುಗಳ ನರವೂ ಕಡಿದಿದೆ, ಎರಡು ತಿಂಗಳೊಳಗೆ ಇನ್ನೊಂದು ಆಪರೇಷನ್ ಆಗಬೇಕು, ಇಲ್ಲದಿದ್ದರೆ ಈ ಕೈ ಇನ್ನು ಮಡಚುವುದಿಲ್ಲ ಎಂದರು. ಕೆಲಸದ ಜಾಗದಲ್ಲಿ ಪೆಟ್ಟಾದವರಿಗೆ ಕಾರ್ಮಿಕರ ನಿಧಿಯಿಂದ ಆಪರೇಷನ್ ಮಾಡಿಸುತ್ತಾರೆ. ಅದಕ್ಕೆ ಬೇಕಾದದ್ದು ಒಂದೇ ಒಂದು ಸಾಲು. ಇಂಥವನಿಗೆ ಇಲ್ಲಿ ಕೆಲಸ ಮಾಡುವಾಗ ಪೆಟ್ಟಾಯಿತು ಎಂದು ಕೆಲಸ ಮಾಡಿಸಿದ ಕಚೇರಿಯವರು ಬರೆದು ಕೊಡಬೇಕು.

ಜೇನು ಫೋನ್ ಎತ್ತಲಿಲ್ಲ. ಮಾವ, ಅತ್ತೆ, ನಾನು ಉಗ್ರಾಣದ ಕಚೇರಿಗೆ ಹೋದೆವು. ಬೆಳಿಗ್ಗೆ ಹತ್ತಕ್ಕೆ ಹೋದವರನ್ನು ಮೂರು ಗಂಟೆಗೆ ಒಳಗೆ ಕರೆದರು.

“ಯಾವ ಬಡಗಿ?” ಎಂದರು ಅಧಿಕಾರಿ.

“ಸಾರ್, ನೀವೇ ನಿಂತು ನೋಡಿದ್ರಲ್ಲ,” ಎಂದಳು ಅತ್ತೆ.

“ನೋಡಮ್ಮ, ಈ ಭವನದಲ್ಲಿ ಬಡಗಿ ಕೆಲಸಾನೇ ನಡೆದಿಲ್ಲ. ಮೇಜು ಸಿದ್ಧವಾಗಿ ಬಂದಿದೆ. ಸಿದ್ಧವಾಗಿ ಬಂದ ಮೇಜು ಮಾಡೋವಾಗ ಬೆರಳು ಹೇಗೆ ಹೋಗುತ್ತೆ, ನೀನೇ ಹೇಳು.” ಕಡತ ತೆಗೆದು ಆ ಕಾಗದವನ್ನು ನನ್ನ ಕಡೆ ತಿರುಗಿಸಿದರು. “ಇದು ಯಾರ ಸಹಿ?”

“ನಂದು ಸಾರ್.”

“ಮತ್ತೆ?”

ಮಾವ ನನ್ನನ್ನು ನೋಡಿದ. ಕಾಗದವನ್ನು ನೋಡಿದ. ಅದರಲ್ಲಿ ಏನಿದೆ ಎಂದು ಅವನಿಗೆ ಓದಿ ಹೇಳಬೇಕಾದವನೂ ನಾನೇ. ಓದಿ ಹೇಳಿದೆ.

ಹೊರಗೆ ಮೆಟ್ಟಿಲ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, “ನಾಲ್ಕು ವರ್ಷ ಸಂಜೆ ಹೊತ್ತು ಮಣ್ಣು ಹೊರೋಕೆ ಹೋಗಿದ್ಯೇನೋ?” ಎಂದಳು. “ನಿಮ್ಮಮ್ಮ ಊರೆಲ್ಲ ಹೇಳ್ಕೊಂಡು ಬಂದ್ಲಲ್ಲ, ಮಗ ಓದ್ತಾನೆ ಮಗ ಓದ್ತಾನೆ ಅಂತ. ಓದಿ ಮಾವನ ಕೈ ತಿಂದೆ.”

“ಬಿಡೇ,” ಎಂದ ಮಾವ. “ನನ್ನ ಬೆರಳೂ ಕಂಪನಿಯೋರೇ ಕಳಿಸಿದ್ದು. ಬರೋವಾಗಲೇ ಎರಡು ಕಮ್ಮಿ ಇತ್ತು.”

ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಸಮಿತಿಯ ಮೊದಲ ಸಭೆಯ ದಿನ ಬೆಳಿಗ್ಗೆ ಎಂಟಕ್ಕೇ ಜೇನು ಕಿವುಡಪ್ಪನನ್ನೂ ನನ್ನನ್ನೂ ಕರೆದುಕೊಂಡು ಮಾವನ ಮನೆ ಬಾಗಿಲಿಗೆ ಬಂದ. ಸಣ್ಣ ಪಕ್ಷವೊಂದು ರಾತ್ರಿ ಹಟ ಹಿಡಿದಿತ್ತಂತೆ. ಅವರದೂ ಒಬ್ಬ ಸದಸ್ಯ ಸೇರಿ ಹತ್ತೊಂಬತ್ತಾಗಿತ್ತು.

“ಅಣ್ಣ, ಒಂದು ಕುರ್ಚಿ ಜಾಗ ಅಷ್ಟೆ. ಬೇರೆ ಬಡಗಿ ಕರೆಸಿದ್ದೆ, ಎಲ್ಲಿಂದ ಬಿಚ್ಚಬೇಕೋ ಅವನಿಗೆ ತಿಳೀಲಿಲ್ಲ. ನೀನು ಕೈಯಾಡಿಸೋದೇ ಬೇಡ. ಬಾಯಲ್ಲಿ ಹೇಳು, ಇವರು ಮಾಡ್ತಾರೆ.”

“ಬೋಳಿಮಗನೆ,” ಎಂದಳು ಅತ್ತೆ, “ಆ ಸಾಲು ಬರೆಸ್ಕೊಂಡು ಬಂದ್ಯಾ?”

“ಅಕ್ಕ, ಕೆಲಸ ಆದ ಮೇಲೆ ನಾನೇ ಮುಂದೆ ನಿಂತು ಬರೆಸಿ ಕೊಡ್ತೀನಿ.”

ಮಾವ ಅಂಗಿ ಹಾಕಿಕೊಂಡ. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ. ಅತ್ತೆ ಹಾಕಿದಳು.

ಸಭಾಕೊಠಡಿಯಲ್ಲಿ ಹೊಸ ಜಮಖಾನ ಹಾಸಿದ್ದರು. ಪ್ರತಿ ಕುರ್ಚಿಯ ಮುಂದೆ ನೀರಿನ ಲೋಟ, ಹೆಸರಿನ ಹಲಗೆ, ಕಡತ. ಹನ್ನೊಂದಕ್ಕೆ ಸಭೆ. ಲೋಟ ಕಡತಗಳನ್ನು ಗೋಡೆಯ ಪಕ್ಕಕ್ಕೆ ಇಡಿಸಿ ಅಧಿಕಾರಿ ಗಡಿಯಾರ ನೋಡುತ್ತ ನಿಂತರು. ಮೊಳೆ ಕಾಣಬಾರದು ಎಂದಿದ್ದರಿಂದ ಮಾವ ಇಡೀ ಮೇಜನ್ನು ಮರದ ಬೆಣೆಗಳ ಮೇಲೇ ನಿಲ್ಲಿಸಿದ್ದ. ಒಂದು ಕುರ್ಚಿ ಜಾಗ ಸೇರಿಸಲು ನಡುವಿನ ಎರಡು ಬೆಣೆ ತೆಗೆದರೆ ಸಾಕು. ಮಾವ ಬೆರಳು ತೋರಿಸುತ್ತ ಹೋದ. ಕಿವುಡಪ್ಪ ಬಡಿಯುತ್ತ ಹೋದ. ಎರಡು ತೆಗೆದಾಯಿತು. ಮಾವ ಮೂರನೆಯದನ್ನು ತೋರಿಸಿದ. ಕಿವುಡಪ್ಪ ಅವನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಸುತ್ತಿಗೆ ಎತ್ತಿದ.

ಅಧಿಕಾರಿಗೆ ತಿಳಿಯುವ ಹೊತ್ತಿಗೆ ಮೇಜು ಜಮಖಾನದ ಮೇಲೆ ಹಲಗೆ ಹಲಗೆಯಾಗಿ ಮಲಗಿತ್ತು.

“ಏನೋ ಇದು? ಏನ್ಲಾ ಮಾಡ್ದೆ?”

“ಬಿಚ್ಚಿದೆ ಸಾರ್. ಕಂಪನಿ ಮಾಲಲ್ವಾ. ಅವರನ್ನೇ ಕರೆಸಿ, ಕೂಡಿಸ್ಲಿ.”

ಜೇನು ಮೊದಲ ಸಲ “ಅಣ್ಣ” ಬಿಟ್ಟು, “ಸೂಳೇಮಗನೆ” ಎಂದ. ಆಗಲೇ ಬಾಗಿಲು ತೆರೆದು ಸದಸ್ಯರು ಒಳಗೆ ಬರತೊಡಗಿದರು. ಮುಂದೆ ಅಧ್ಯಕ್ಷರು, ವಯಸ್ಸಾದವರು. ಹಲಗೆಗಳನ್ನು ನೋಡಿ ನಿಂತುಬಿಟ್ಟರು. ಹಿಂದಿನವರು ಅವರ ಬೆನ್ನಿಗೆ ಬಂದು ತಗುಲಿದರು.

ಮಾವ ಅವರ ಮುಂದೆ ಹೋದ. ಅವನು ದೊಡ್ಡ ದನಿ ಮಾಡಲಿಲ್ಲ.

“ಅರ್ಧ ಗಂಟೇಲಿ ಕೂಡಿಸ್ತೀನಿ ಸ್ವಾಮಿ. ಇದನ್ನ ಇಲ್ಲೇ ಕೆಳಗೆ ಮಾಡಿದ್ದು ನಾನು. ಮಾಡೋವಾಗ ಇದು ಹೋಯ್ತು.” ಕೈ ಎತ್ತಿ ತೋರಿಸಿದ. “ಹೌದು ಅಂತ ಒಂದು ಸಾಲು ಬರೆದು ಕೊಡಿ. ಇನ್ನೇನೂ ಬೇಡ.”

ಅಧ್ಯಕ್ಷರು ಅಧಿಕಾರಿಯ ಕಡೆ ನೋಡಿದರು. ಅಧಿಕಾರಿ ಅವರ ಕಿವಿಯ ಹತ್ತಿರ ಏನೋ ಹೇಳಿದರು.

“ದೂರು ಇದ್ದರೆ ಸಮಿತಿಗೆ ಕೊಡಿ,” ಎಂದರು ಅಧ್ಯಕ್ಷರು. “ಆದರೆ ಸಮಿತಿ ಇನ್ನೂ ಸಭೆ ಸೇರಿಲ್ಲ. ಮೊದಲ ಸಭೆ ಸೇರುವವರೆಗೆ ಅದು ಏನನ್ನೂ ಸ್ವೀಕರಿಸೋ ಹಾಗಿಲ್ಲ. ನಿಯಮ ಹಾಗಿದೆ.”

“ಸೇರಿ ಸ್ವಾಮಿ.”

“ಎಲ್ಲಿ ಸೇರೋಣಪ್ಪ? ಮೇಜೇ ಇಲ್ಲವಲ್ಲ.”

“ನಾನೂ ಅದನ್ನೇ ಹೇಳ್ತಿರೋದು.”

ಹಿಂದೆ ಯಾರೋ ನಕ್ಕರು. ಕಾವಲಿನವರು ಇಬ್ಬರು ಬಂದು ಮಾವನ ತೋಳು ಹಿಡಿದರು. ಅಧಿಕಾರಿ ತಾವು ತಂದಿದ್ದ ಮೇಜಿನ ಕಡತದಿಂದ ಆ ಕಾಗದ ತೆಗೆದು, “ಇವನು ಸುಳ್ಳ, ಮೇಡಂ. ಇವನ ಅಳಿಯನೇ ಸಹಿ ಮಾಡಿದಾನೆ, ನೋಡಿ,” ಎಂದು ಹತ್ತಿರದಲ್ಲಿದ್ದ ಸದಸ್ಯೆಯೊಬ್ಬರ ಕೈಗೆ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಓದಿ ನನ್ನ ಕಡೆ ತಿರುಗಿದರು.

“ಇದು ನಿಮ್ಮ ಸಹಿಯಾ?”

ಮಾವ ನನ್ನ ಕಡೆ ನೋಡುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು.

“ಸಹಿ ನಂದು. ಬರೆದಿರೋದು ಸುಳ್ಳು. ಓದಿಯೇ ಸಹಿ ಮಾಡ್ದೆ.”

“ಹಾಗಂತ ಬರೆದು ಕೊಡ್ತೀರಾ?”

ಗೋಡೆಯ ಪಕ್ಕದಲ್ಲಿದ್ದ ಕಡತಗಳಲ್ಲಿ ಒಂದರಿಂದ ಹಾಳೆ ತೆಗೆದು ಕೊಟ್ಟರು. ಬರೆಯಲು ಮೇಜಿರಲಿಲ್ಲ. ನೆಲದಲ್ಲಿ ಕೂತು, ಬಿಚ್ಚಿದ ಹಲಗೆಯೊಂದರ ಮೇಲೆ ಹಾಳೆ ಇಟ್ಟು ಬರೆದೆ. ಹದಿನೈದು, ಇಪ್ಪತ್ತೊಂದು, ಹದಿನೆಂಟು, ಮುಚ್ಚಳ, ಬೆರಳು, ಪಾಲಿಶ್. ಆರು ಸಾಲಾಯಿತು. ನನ್ನ ಕೆಲಸಕ್ಕೆ ಅದೇ ಕೊನೆ ಎಂದು ಬರೆಯುವಾಗಲೇ ಗೊತ್ತಿತ್ತು. ಕೆಳಗೆ ಸಹಿ ಮಾಡಿದೆ. ಅಕ್ಷರ ದುಂಡಗೆ ಬರಲಿಲ್ಲ. ಆಕೆ ಅದನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಕಾವಲಿನವರು ನಮ್ಮ ಮೂವರನ್ನೂ ಹೊರಗೆ ನೂಕಿದರು. ಕಿವುಡಪ್ಪನ ಸುತ್ತಿಗೆ ಒಳಗೇ ಉಳಿಯಿತು. ಕೇಳಿದ್ದಕ್ಕೆ ಬೆನ್ನಿಗೆ ಎರಡು ಬಿತ್ತು.

ತಾಂತ್ರಿಕ ಕಾರಣದಿಂದ ಸಭೆ ಮುಂದೂಡಲಾಗಿದೆ ಎಂದು ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಮಾವನಿಗೆ ಓದಿ ಹೇಳಿದೆ. ತಾಂತ್ರಿಕ ಎಂದರೆ ಏನು ಎಂದು ಕೇಳಿದ. ನೀನು ಎಂದೆ.

ಅದಾಗಿ ಮೂವತ್ತೊಂದು ದಿನವಾಯಿತು. ಡಾಕ್ಟರು ಹೇಳಿದ ಎರಡು ತಿಂಗಳಿಗೆ ಇನ್ನು ಒಂಬತ್ತು ದಿನ ಉಳಿದಿದೆ. ಆ ಒಂದು ಸಾಲನ್ನು ಇನ್ನೂ ಯಾರೂ ಬರೆದು ಕೊಟ್ಟಿಲ್ಲ. ಆ ಸಮಿತಿ ಆಮೇಲೆ ಸಭೆ ಸೇರಿತೋ ಇಲ್ಲವೋ ನನಗೆ ತಿಳಿಯದು. ಸೇರಿದ್ದರೆ ಯಾವುದರ ಮುಂದೆ ಕೂತಿತು ಎಂಬುದೂ ತಿಳಿಯದು. ಆ ಸದಸ್ಯೆ ನನ್ನ ಹಾಳೆಯನ್ನು ಮತ್ತೆ ಬಿಡಿಸಿ ನೋಡಿದರೇ? ನಿಜವಾಗಿ ನನಗೆ ಗೊತ್ತಿಲ್ಲ. ಅವರ ಹೆಸರು ಕೇಳಿಕೊಳ್ಳುವುದನ್ನೂ ನಾನು ಮರೆತೆ.